ಸಾರ್ವಜನಿಕ ಆರೋಗ್ಯದ ಓದು: ವರ್ತಕರು ಯೋಚಿಸಬೇಕಾದ ಮಾತು

ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯ ಅವಸರದ ದಿನಗಳಲ್ಲಿ ಹೊಳೆನರಸೀಪುರದ ವರ್ತಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಬಂದ ಕೆಲಸ ಮುಗಿದರೂ ಏಳಲಿಲ್ಲ. ಸಂಖ್ಯಾಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಬಿ.ಎಸ್ಸಿ. ಮುಗಿಸಿರುವ ಅವರ ಮಗಳು ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿ, ಅಂದರೆ ಎಂ.ಪಿ.ಎಚ್., ಮಾಡುವುದಾಗಿ ಹಟ ಹಿಡಿದಿದ್ದಾಳಂತೆ. "ಓದಿದ ಮೇಲೆ ಡಾಕ್ಟರೂ ಆಗುವುದಿಲ್ಲ, ನರ್ಸೂ ಆಗುವುದಿಲ್ಲ. ಹಾಗಾದರೆ ಇದು ಯಾತರ ಓದು ಸಾರ್?" ಎಂದರು. ಮಗಳ ಶುಲ್ಕವನ್ನು ಅಂಗಡಿಯ ಖರ್ಚಿಗೆ ಬರೆಯಬಹುದೇ ಎಂದೂ ಕೇಳಿದರು. ಬರುವುದಿಲ್ಲ ಎಂದೆ. ಮೊದಲನೆಯ ಪ್ರಶ್ನೆಗೆ ಅಂದು ನಾನಿತ್ತ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದರ್ಧವನ್ನು ಸದಸ್ಯ ಮಿತ್ರರೆಲ್ಲರ ಮುಂದಿಡುವುದು ಲೇಸೆಂದು ತೋರಿತು.

2025ರ ಮೇ ಕೊನೆಯಿಂದ ಜುಲೈ ಆರಂಭದವರೆಗಿನ ದಿನಗಳನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ದಿನವೂ ಏರುತ್ತಿದ್ದ ಒಂದೊಂದು ಅಂಕಿಯೊಡನೆ ನಾಡಿನಾದ್ಯಂತ ಹರಡಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. ಲಸಿಕೆಯೇ ಕಾರಣವೆಂದು ಕೆಲವರು, ಆಹಾರವೆಂದು ಕೆಲವರು, ಊರಿಗೇ ಏನೋ ತಗುಲಿದೆಯೆಂದು ಮತ್ತೆ ಕೆಲವರು. ಆ ದಿನಗಳಲ್ಲಿ ನಾನೂ ಇ.ಸಿ.ಜಿ. ಮಾಡಿಸಿಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಲೆಕ್ಕಪರಿಶೋಧಕನ ಅಭ್ಯಾಸವೊಂದಿದೆ. ಒಂದು ಮೊತ್ತವನ್ನು ತೋರಿಸಿದೊಡನೆ, ಕಳೆದ ವರ್ಷದ ಇದೇ ಅವಧಿಯ ಮೊತ್ತ ಎಷ್ಟು, ಒಟ್ಟು ವಹಿವಾಟು ಎಷ್ಟು ಎಂದು ಕೇಳುವುದು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಸಾವಿರಕ್ಕೆ ವರ್ಷಕ್ಕೆ ಆರು ಅಥವಾ ಏಳು ಮರಣಗಳೆಂದು ಹಿಡಿದರೂ ಜಿಲ್ಲೆಯಲ್ಲಿ ವರ್ಷಕ್ಕೆ ಹನ್ನೊಂದು ಸಾವಿರ, ನಲವತ್ತು ದಿನಗಳಿಗೆ ಸಾವಿರದ ಇನ್ನೂರರ ಆಸುಪಾಸು ಮರಣಗಳು ಸಹಜವಾಗಿಯೇ ಸಂಭವಿಸುತ್ತವೆ. ದೇಶದ ಒಟ್ಟು ಮರಣಗಳಲ್ಲಿ ಸುಮಾರು ಕಾಲುಭಾಗ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯವು. ಆ ಪ್ರಕಾರ ಆ ಅವಧಿಗೆ ಮುನ್ನೂರರಷ್ಟು. ಅಂದರೆ ನಾವು ಎಣಿಸುತ್ತಿದ್ದುದು ಹೃದಯಾಘಾತಗಳನ್ನಲ್ಲ, ಸುದ್ದಿಯಾದ ಹೃದಯಾಘಾತಗಳನ್ನು. ಮೃತರಲ್ಲಿ ಎಳೆಯ ವಯಸ್ಸಿನವರಿದ್ದರೆಂಬ ಕಳವಳ ನ್ಯಾಯವಾದುದೇ. ಆದರೆ ಅದಕ್ಕೂ ವಯೋಮಾನವಾರು ಹಿಂದಿನ ವರ್ಷಗಳ ಅಂಕಿ ಬೇಕಲ್ಲವೇ?

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ವರದಿಯಾದ 24 ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿದ ಸಮಿತಿ, 4 ಪ್ರಕರಣಗಳಿಗೆ ಹೃದಯದ ಸಂಬಂಧವೇ ಇಲ್ಲವೆಂದೂ, ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಕಾಣುವುದಿಲ್ಲವೆಂದೂ ಹೇಳಿತು. ಮೃತರಲ್ಲಿ ಆಟೋ ಮತ್ತು ಕ್ಯಾಬ್ ಚಾಲಕರ ಪಾಲು ಗಣನೀಯವೆಂದು ಗುರುತಿಸಿತು. ಇದಾದ ಮೇಲೆ ಹಠಾತ್ ಮರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದು ರಾಜ್ಯದ ಆರೋಗ್ಯ ಸಚಿವರು ಪ್ರಕಟಿಸಿದರು. ಎಲ್ಲವೂ ಸರಿಯೇ. ಆದರೆ ಇಷ್ಟು ಲೆಕ್ಕ ತಿಳಿಯಲು ಭೀತಿ ಹಬ್ಬಿ ರಾಜಧಾನಿಯಿಂದ ಸಮಿತಿ ಬರಬೇಕಾಯಿತೆಂಬುದು ನನ್ನನ್ನು ಕಾಡುತ್ತದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದವು ಕೇವಲ ಶೇ. 22.5. ನೂರು ಖರ್ಚುಗಳಲ್ಲಿ ಎಪ್ಪತ್ತೇಳಕ್ಕೆ ವೋಚರ್ ಇಲ್ಲದ ಖಾತೆಗೆ ನಮ್ಮಲ್ಲಿ ಯಾರೂ ರುಜು ಹಾಕಲಾರರು.

ಆ ವೋಚರ್‌ಗಳನ್ನು ಹುಡುಕಿ, ಜೋಡಿಸಿ, ತಾಳೆ ನೋಡುವ ವಿದ್ಯೆಯೇ ಹೊಳೆನರಸೀಪುರದ ಆ ಹುಡುಗಿ ಓದಬಯಸಿರುವುದು. ರೋಗವಿಸ್ತರಣ ಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ, ಆರೋಗ್ಯ ಅರ್ಥಶಾಸ್ತ್ರ, ಪರಿಸರ ಹಾಗೂ ಔದ್ಯೋಗಿಕ ಆರೋಗ್ಯ, ಕಾರ್ಯಕ್ರಮಗಳ ನಿರ್ವಹಣೆ, ಕೊನೆಗೆ ಕ್ಷೇತ್ರಕಾರ್ಯದ ಪ್ರಬಂಧ. ಎಂ.ಬಿ.ಬಿ.ಎಸ್. ಆದವರು ಮಾಡುವ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಬೇರೆ, ಇದು ಬೇರೆ. ಎಂ.ಪಿ.ಎಚ್.ಗೆ ವೈದ್ಯರಲ್ಲದ ಪದವೀಧರರಿಗೂ ಅನೇಕ ಕಡೆ ಪ್ರವೇಶವಿದೆ. ಅರ್ಹತೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದ್ದರಿಂದ ಮೊದಲೇ ವಿಚಾರಿಸಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಪದವಿ 1997ರಲ್ಲಿ ಆರಂಭವಾಯಿತು. ನಮಗೆ ಹತ್ತಿರದಲ್ಲಿ ಮೈಸೂರಿನ ಜೆ.ಎಸ್.ಎಸ್. ಇದೆ, ಮಣಿಪಾಲವಿದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೊಂದು ಮಾದರಿ ಪಠ್ಯಕ್ರಮವನ್ನೂ ಹೊರತಂದಿತು.

ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬ ವರ್ತಕನೇ ಎಂದರೆ ಸದಸ್ಯರಿಗೆ ಸಂತೋಷವಾದೀತು. ಲಂಡನ್ನಿನಲ್ಲಿ ಗುಂಡಿ, ದಾರ ಮುಂತಾದ ಸಾಮಾನು ಮಾರುತ್ತಿದ್ದ ಜಾನ್ ಗ್ರಾಂಟ್, ಆ ನಗರದ ವಾರವಾರದ ಮರಣಪಟ್ಟಿಗಳನ್ನು ರಾಶಿ ಹಾಕಿಕೊಂಡು ಕುಳಿತು, ಯಾವ ಕಾಯಿಲೆಗೆ ಎಷ್ಟು ಜನ, ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂದು ಲೆಕ್ಕ ಹಾಕಿ 1662ರಲ್ಲಿ ಪುಸ್ತಕ ಪ್ರಕಟಿಸಿದ. ತಾನು ಬಳಸಿದ್ದು ಅಂಗಡಿಯ ಗಣಿತವನ್ನೇ ಎಂದು ಅವನೇ ಹೇಳಿಕೊಂಡಿದ್ದಾನೆ.

ಇನ್ನು ಜಮಾ-ಖರ್ಚಿನ ಮಾತು. ಹಾಕಿದ ಬಂಡವಾಳ ಎಷ್ಟು ವರ್ಷದಲ್ಲಿ ಹಿಂದಿರುಗೀತೆಂದು ಆ ತಂದೆ ಕೇಳಿದ್ದರೆ ನಾನು ಧೈರ್ಯವಾಗಿ ಉತ್ತರಿಸುತ್ತಿರಲಿಲ್ಲ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದೊರೆಯುವ ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು. ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಹಿಂದಿನಿಂದಲೂ ಇದೆ, 1939ರಷ್ಟು ಹಳೆಯ ಕಾಯಿದೆಯೂ ಇದೆ. ಅಂಥ ನೆಲೆ ಇಲ್ಲದೆಡೆ ಓದಿದವರು ಬೆಂಗಳೂರಿಗೋ ವಿದೇಶಕ್ಕೋ ಹೋಗುವುದು ಸಹಜ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಕಡಿತ ದೊರೆಯುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಹೊಸದರಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಿದ್ದರೂ ನಾನು ಈ ಓದಿನ ಪರ. ಏಕೆಂದರೆ ಇದರ ಪ್ರಯೋಜನ ಮೊದಲು ತಟ್ಟುವುದು ನಮ್ಮ ಗೋದಾಮು, ಕಾರ್ಖಾನೆಗಳಿಗೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಹೊಗೆಸೊಪ್ಪನ್ನೇ ನೋಡಿ. ಒದ್ದೆ ಎಲೆ ಕೀಳುವ ಕೂಲಿಯವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುವುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಧೂಳು. ಹಾಸನದ ಕೈಗಾರಿಕಾ ಪ್ರದೇಶದ ಸಿದ್ಧ ಉಡುಪು ಘಟಕಗಳಲ್ಲಿ ದಿನವಿಡೀ ಒಂದೇ ಭಂಗಿಯಲ್ಲಿ ಕುಳಿತ ಹೆಣ್ಣುಮಕ್ಕಳ ಬೆನ್ನುನೋವು. ಸಮಿತಿ ಗುರುತಿಸಿದ ಚಾಲಕರಂತೆಯೇ ರಾತ್ರಿಯೆಲ್ಲ ಗಾಡಿ ಓಡಿಸಿ ನಮ್ಮ ಸರಕು ತರುವವರೂ ಇದ್ದಾರೆ. ಇ.ಎಸ್.ಐ.ಗೆ ನಾವು ವೇತನದ ಶೇ. 3.25ನ್ನು ತಪ್ಪದೆ ಕಟ್ಟುತ್ತೇವೆ. ನಮ್ಮ ಕೆಲಸಗಾರರು ಯಾವ ಕಾಯಿಲೆಗೆ ಎಷ್ಟು ದಿನ ರಜೆ ಹಾಕಿದರೆಂದು ಮಾತ್ರ ಎಂದೂ ಕೂಡಿ ನೋಡಿಲ್ಲ. ಹಾಜರಿ ಪುಸ್ತಕ ನಮ್ಮಲ್ಲೇ ಇದೆ.

ಆದುದರಿಂದ ನನ್ನ ಸಲಹೆಯಿಷ್ಟು. ಎಂ.ಪಿ.ಎಚ್. ವಿದ್ಯಾರ್ಥಿಗಳ ಕೊನೆಯ ಪ್ರಬಂಧಕ್ಕೆ ವಿಷಯವೂ ಬೇಕು, ಕ್ಷೇತ್ರವೂ ಬೇಕು. ನಮ್ಮ ಸಂಸ್ಥೆ ವರ್ಷಕ್ಕೆ ಇಬ್ಬರನ್ನಾದರೂ ಜಿಲ್ಲೆಗೆ ಕರೆದು, ಆರು ತಿಂಗಳ ವಸತಿ ಮತ್ತು ಪ್ರಯಾಣದ ವೆಚ್ಚ ಭರಿಸಲಿ. ಒಪ್ಪುವ ಸದಸ್ಯರು ಹೆಸರುಗಳನ್ನು ತೆಗೆದು ತಮ್ಮ ಹಾಜರಿ ಮತ್ತು ರಜೆಯ ವಿವರಗಳನ್ನು ಅವರಿಗೆ ಒದಗಿಸಲಿ. ಮೊದಲ ವರ್ಷ ಸರಕು ಸಾಗಣೆ ಚಾಲಕರ ರಕ್ತದೊತ್ತಡ, ನಿದ್ರೆ ಮತ್ತು ದುಡಿಮೆಯ ಅವಧಿಯನ್ನು ಮಾತ್ರ ನೋಡಲಿ. 2006ರಲ್ಲಿ ಆರಂಭವಾದ ನಮ್ಮದೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಾರ್ಗದರ್ಶನವನ್ನು ಕೋರಬಹುದು. ಸಿ.ಎಸ್.ಆರ್. ಕಾನೂನಿನ ಮಿತಿಗೆ ನಮ್ಮಲ್ಲಿ ಬಹುತೇಕರು ಬರುವುದಿಲ್ಲ, ನಿಜ. ಕಡ್ಡಾಯವಿಲ್ಲದ್ದನ್ನು ಮಾಡಬಾರದೆಂದು ಆ ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲ.

ಹೊಳೆನರಸೀಪುರದ ಆ ವರ್ತಕರು ಮೊನ್ನೆ ದೂರವಾಣಿ ಮಾಡಿದ್ದರು. ಮಗಳು ಅರ್ಜಿ ಹಾಕಿದ್ದಾಳೆ. ಪ್ರವೇಶ ಸಿಕ್ಕರೆ ಮೊದಲ ವರ್ಷದ ಶುಲ್ಕ ತಾವೇ ಕಟ್ಟುವುದಾಗಿಯೂ, ಎರಡನೆಯ ವರ್ಷದ್ದಕ್ಕೆ ಸಾಲದ ಕಾಗದಪತ್ರಗಳನ್ನು ನಾನು ನೋಡಿಕೊಡಬೇಕೆಂದೂ ಹೇಳಿದರು.