ಚಳಿಯಲ್ಲಿ ಎಲೆ ತಡವಾಗಿ ಬಂದರೆ ಬೀಜ ಕಳಪೆಯೇ?

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದಲ್ಲಿ ಶೇಂಗಾವನ್ನು ಮುಂಗಾರಿನಲ್ಲೂ ಬಿತ್ತುತ್ತಾರೆ, ನೀರಿದ್ದವರು ಚಳಿಗಾಲದಲ್ಲೂ ಬಿತ್ತುತ್ತಾರೆ. ಮುಂಗಾರಿನಲ್ಲಿ ಬೇಗ ಎಲೆ ಬಿಟ್ಟ ತಳಿಯೇ ಚಳಿಯಲ್ಲಿ ನಿಧಾನವಾದರೆ ‘ಬೀಜ ಕಳಪೆ’, ‘ಗೊಬ್ಬರ ಸಾಲದು’ ಎಂಬ ಅನುಮಾನ ಬರುತ್ತದೆ. ಯೂರಿಯಾಕ್ಕೂ ಟಾನಿಕ್‌ಗೂ ಹಣ ಹೋಗುತ್ತದೆ. ಇದು ನಿಜಕ್ಕೂ ಬೀಜದ ದೋಷವೇ?

ಗಿಡ ಲೆಕ್ಕ ಇಡುವುದು ದಿನವನ್ನಲ್ಲ, ಶಾಖವನ್ನು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಶೇಂಗಾದ ಬೆಳವಣಿಗೆ ನಿಲ್ಲುತ್ತದೆ. ದಿನದ ಸರಾಸರಿ ಉಷ್ಣಾಂಶದಲ್ಲಿ 10 ಕಳೆದರೆ ಉಳಿಯುವುದೇ ಆ ದಿನದ ಗಳಿಕೆ. ಮುಖ್ಯ ಕಾಂಡದಲ್ಲಿ ಒಂದು ಹೊಸ ಎಲೆ ಬರಲು ಇಂಥ ಸುಮಾರು 56 ಅಂಶ ಬೇಕು.

ಲೆಕ್ಕ ಹಾಕಿ ನೋಡೋಣ. ಹಗಲು 34, ರಾತ್ರಿ 24 ಡಿಗ್ರಿ ಇದ್ದರೆ ಸರಾಸರಿ 29, ಗಳಿಕೆ 19. ಮೂರು ದಿನಕ್ಕೊಂದು ಎಲೆ. ಹಗಲು 30, ರಾತ್ರಿ 16 ಇದ್ದರೆ ಗಳಿಕೆ 13 ಮಾತ್ರ. ನಾಲ್ಕು ದಿನ ದಾಟಿ ಒಂದೆಲೆ. ಮೊಳಕೆಯೊಡೆದ ಮೇಲಿನ ಒಂದು ತಿಂಗಳಲ್ಲಿ ಅಲ್ಲಿ ಹತ್ತು ಎಲೆ, ಇಲ್ಲಿ ಏಳು. ಬೀಜ ಅದೇ, ಹೊಲವೂ ಅದೇ.

ಹಾಗಾದರೆ ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. 30 ಡಿಗ್ರಿಯ ಆಸುಪಾಸು ದಾಟಿದ ಮೇಲೆ ವೇಗ ಹೆಚ್ಚುವುದಿಲ್ಲ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯಲ್ಲಿ ನೀರು ಸಾಲದೆ ಎಲೆ ಚಿಕ್ಕದಾಗುತ್ತದೆ, ಹೂವೂ ಉದುರುತ್ತದೆ.

ಎಲ್ಲ ಎಣ್ಣೆಕಾಳುಗಳೂ ಒಂದೇ ರೀತಿಯಲ್ಲ. ಸೂರ್ಯಕಾಂತಿಯಲ್ಲಿ ತುದಿಯೊಳಗೆ ಮೊಗ್ಗು ರೂಪುಗೊಂಡಾಗಲೇ ಒಟ್ಟು ಎಲೆಗಳ ಸಂಖ್ಯೆ ನಿಗದಿಯಾಗುತ್ತದೆ. ಆಮೇಲೆ ಗೊಬ್ಬರ ಸುರಿದರೂ ಎಲೆ ಹೆಚ್ಚುವುದಿಲ್ಲ, ಇದ್ದ ಎಲೆ ಹಸಿರಾಗಿ ಉಳಿಯಲು ನೆರವಾಗಬಹುದಷ್ಟೆ. ಎರೆ ಭೂಮಿಯ ಕುಸುಬೆ ಮೊದಲ ಕೆಲವು ವಾರ ಎಲೆಗಳನ್ನು ನೆಲಕ್ಕೆ ಹರಡಿ ಕೂರುತ್ತದೆ. ತಂಪು ಹೆಚ್ಚಿದ್ದರೆ ಹೀಗೆ ಕೂರುವ ಅವಧಿಯೂ ಹೆಚ್ಚು. ಅದು ರೋಗವಲ್ಲ, ಅದರ ಸ್ವಭಾವ. ಆದರೆ ಕುಸುಬೆ ಬಿತ್ತನೆ ತಡವಾದರೆ ಮಣ್ಣಿನ ತೇವ ಆರುತ್ತದೆ, ಸಸ್ಯಹೇನಿನ ಕಾಟವೂ ಹೆಚ್ಚುತ್ತದೆ.

ಹಣ ಖರ್ಚು ಮಾಡುವ ಮೊದಲು ಹೊಸ ಎಲೆಯ ಬಣ್ಣ ನೋಡಿ. ಎಲೆ ಹಸಿರಾಗಿದ್ದು ನಿಧಾನವಾಗಿ ಬರುತ್ತಿದ್ದರೆ ಚಳಿಯೇ ಕಾರಣವಿರಬಹುದು. ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ, ಸುಣ್ಣದಂಶವಿರುವ ಎರೆ ಮಣ್ಣಿನಲ್ಲಿ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಮದ್ದಲ್ಲ.