ಶಾಂತಿ ಸಭೆ ಮುಗೀತು, ಕಪ್ಪು-ಬಸಿ ಮಾತ್ರ ಬೇರೇನೇ!

ಮುದ್ದೇಬಿಹಾಳದಿಂದ ಹಳ್ಳಿ ಕಡೆ ಹೊರಟ ಬಸ್ಸು ತುಂಬಿ ತುಳುಕುತ್ತಿರುತ್ತದೆ. ಮೂವರ ಸೀಟಿನಲ್ಲಿ ನಾಲ್ವರು. ಯಾರ ಮೊಣಕೈ ಯಾರ ಪಕ್ಕೆಗೆ ತಿವಿಯಿತು, ಯಾರ ಕೂಸು ಯಾರ ತೊಡೆಯ ಮೇಲೆ ನಿದ್ದೆ ಹೋಯಿತು, ಕೇಳುವವರಿಲ್ಲ. 'ಸ್ವಲ್ಪ ಸರೀರಿ ಅಣ್ಣಾರ' ಅಂದರೆ ಸರಿಯುತ್ತಾರೆ. ಕಂಡಕ್ಟರ್ ಕೇಳುವುದು ಟಿಕೆಟ್, ಜಾತಿ ಅಲ್ಲ.

ಅದೇ ಮಂದಿ ಊರ ಅಗಸಿ ಮುಂದೆ ಇಳಿಯಲಿ, ಕಥೆಯೇ ಬೇರೆ. ಒಬ್ಬನಿಗೆ ಚಾದಂಗಡಿಯ ಒಳಗೆ ಬೆಂಚು, ಕಪ್ಪು-ಬಸಿ. ಇನ್ನೊಬ್ಬನಿಗೆ ಹೊರಗಿನ ಕಟ್ಟೆ, ಕಾಗದದ ಲೋಟ. ಹಿಂದೆ ಬೇರೆ ಗ್ಲಾಸು ಇಡುತ್ತಿದ್ದರು, ಕಣ್ಣಿಗೆ ಕಾಣುತ್ತಿತ್ತು. ಈಗ ಕಾಗದದ ಲೋಟ ಬಂದು ಎಲ್ಲವನ್ನೂ ಮುಚ್ಚಿ ಹಾಕಿದೆ. ಎಲ್ಲ ಊರಲ್ಲಿಯೂ ಹೀಗೇ ಎನ್ನಲಾಗದು. ಆದರೆ 'ನನ್ನ ತಾಲೂಕಿನಲ್ಲಿ ಇದು ಇಲ್ಲವೇ ಇಲ್ಲ' ಎಂದು ಎದೆ ತಟ್ಟಿ ಹೇಳುವ ಸಾಹೇಬರು ಇಂಡಿಯಲ್ಲಿದ್ದಾರೆಯೇ, ಸಿಂದಗಿಯಲ್ಲಿದ್ದಾರೆಯೇ?

ಹಾಗಂತ ಸರ್ಕಾರ ಕೈಕಟ್ಟಿ ಕೂತಿಲ್ಲ. ಗಣೇಶನ ಹಬ್ಬ, ಮೊಹರಂ, ಬಕ್ರೀದ್ ಹತ್ತಿರ ಬಂದರೆ ಸಾಕು, ಶಾಂತಿ ಸಭೆ ಕರೆಯುತ್ತಾರೆ. ಮೆರವಣಿಗೆ ಯಾವ ದಾರಿ, ಡಿಜೆ ಎಷ್ಟು ಹೊತ್ತಿನ ತನಕ, ಎಲ್ಲಾ ಚರ್ಚೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಅದೇ ಮುಖಂಡರು, ಅದೇ ಭಾಷಣ. ಕೊನೆಗೆ ಚಹಾ, ಬಿಸ್ಕತ್ತು, ಫೋಟೋ.

ಈ ಸಭೆಗಳು ಬೇಡ ಎನ್ನುವವರು 2012ನ್ನು ನೆನೆಸಿಕೊಳ್ಳಬೇಕು. ಆ ವರ್ಷ ಜನವರಿ 1ರಂದು ಸಿಂದಗಿಯ ತಹಸೀಲ್ದಾರ್ ಕಚೇರಿ ಮೇಲೆ ಪಾಕಿಸ್ತಾನದ ಬಾವುಟ ಹಾರಿತ್ತು. ಊರು ಕುದಿಯಿತು. ಕೆಲವೇ ದಿನಗಳಲ್ಲಿ ಪೊಲೀಸರು ಆರು ಮಂದಿ ಯುವಕರನ್ನು ಹಿಡಿದರು. ಕೋಮುದ್ವೇಷ ಹುಟ್ಟಿಸಲೆಂದೇ ಹಾರಿಸಿದ್ದು ಎಂಬುದು ಪೊಲೀಸರ ಆರೋಪವಾಗಿತ್ತು. ಒಂದು ತುಂಡು ಬಟ್ಟೆ ಊರಿಗೆ ಬೆಂಕಿ ಹಚ್ಚಬಲ್ಲದು. ಅಂಗಡಿ ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ, ಬಸ್ಸು ನಿಂತರೆ ನಡೆದು ಹೋಗುವವರು ಯಾರು ಎಂಬುದನ್ನು ಓದುಗರಿಗೆ ಹೇಳಿಕೊಡಬೇಕಿಲ್ಲ.

ಸಭೆ ಬೇಕು. ಆದರೆ ಸಾಮರಸ್ಯ ಅಂದರೆ ಹಬ್ಬದ ದಿನ ಕಲ್ಲು ಬೀಳದಿರುವುದು ಇಷ್ಟೇ ಏನು? ಉಳಿದ ದಿನಗಳ ಲೆಕ್ಕ ಯಾರು ಇಡಬೇಕು?

2020ರ ಜುಲೈಯಲ್ಲಿ ಯಾವ ಹಬ್ಬವೂ ಇರಲಿಲ್ಲ. ಮೊದಲು ಮುದ್ದೇಬಿಹಾಳಕ್ಕೆ ಸೇರಿದ್ದು, ಈಗ ತಾಳಿಕೋಟೆ ತಾಲೂಕಿನಲ್ಲಿರುವ ಮಿಣಜಗಿಯಲ್ಲಿ ಮೇಲ್ಜಾತಿಯವನ ಬೈಕು ಮುಟ್ಟಿದನೆಂದು ದಲಿತನೊಬ್ಬನನ್ನು ಬಟ್ಟೆ ಬಿಚ್ಚಿ ಹೊಡೆದರೆಂಬ ದೂರು ಬಂತು. 13 ಜನರ ಮೇಲೆ ಪ್ರಕರಣ ದಾಖಲಾಯಿತು. 2021ರ ಜೂನ್‌ನಲ್ಲಿ, ಹಳೇ ಸಿಂದಗಿ ತಾಲೂಕಿನ ಸಲಾದಹಳ್ಳಿಯಲ್ಲಿ ಪ್ರೀತಿಸಿದ ತಪ್ಪಿಗೆ ಒಬ್ಬ ದಲಿತ ಹುಡುಗ, ಒಬ್ಬ ಮುಸ್ಲಿಂ ಹುಡುಗಿ ಕೊಲೆಯಾದರು. ಶಾಂತಿ ಸಭೆಯ ಮುಂದಿನ ಸಾಲಿನವರಿಗೆ ಇಂಥವರ ಪರಿಚಯವೇ ಇರುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಪುಟ್ಟ ದಲಿತ ಮಗು ಗುಡಿಯೊಳಗೆ ಓಡಿತು ಎಂದು ಮನೆಯವರಿಗೆ 25 ಸಾವಿರ ರೂಪಾಯಿ ದಂಡ ಹಾಕಿದರು. ಸರ್ಕಾರ ಎಚ್ಚೆತ್ತು, ಆ ಮಗುವಿನ ಹೆಸರಿನಲ್ಲೇ 2022ರ ಅಂಬೇಡ್ಕರ್ ಜಯಂತಿಯಂದು 'ವಿನಯ ಸಾಮರಸ್ಯ' ಯೋಜನೆ ತಂದಿತು. ಪಂಚಾಯ್ತಿ ಮಟ್ಟದಲ್ಲಿ ಜಾಗೃತಿ ಮೂಡಿಸಬೇಕೆಂದಿತು. ಒಳ್ಳೆಯದೇ. ಆದರೆ ಬೀದಿನಾಟಕ ಮುಗಿದ ಮೇಲೆ ತಮಟೆ ಬಾರಿಸಿದವರಿಗೆ ಅದೇ ಚಾದಂಗಡಿಯಲ್ಲಿ ಎಂಥ ಲೋಟದಲ್ಲಿ ಚಹಾ ಕೊಟ್ಟರು ಎಂದು ಯಾರಾದರೂ ನೋಡಿದರೇ?

ಹಾಗಿದ್ದರೆ ಪುರಸಭೆ, ಪಂಚಾಯ್ತಿಗಳ ಕೈಯಲ್ಲಿ ಏನಿದೆ? ಬಹಳ ಇದೆ. ಹೋಟೆಲಿಗೆ, ಕ್ಷೌರದಂಗಡಿಗೆ ಲೈಸೆನ್ಸು ಕೊಡುವವರು ಅವರೇ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 6ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಮಾರದಿರುವುದು, ಸೇವೆ ಕೊಡದಿರುವುದು ಅಪರಾಧ. ಒಂದು ತಿಂಗಳಿಂದ ಆರು ತಿಂಗಳ ತನಕ ಜೈಲು. ಶಿಕ್ಷೆಯಾದರೆ 8ನೇ ಕಲಂ ಪ್ರಕಾರ ಕೋರ್ಟು ಲೈಸೆನ್ಸನ್ನೇ ರದ್ದು ಮಾಡಬಹುದು. ಅಂಗಡಿ, ಗುಡಿ, ನೀರು, ಸ್ಮಶಾನಕ್ಕೆ ಅಡ್ಡಿ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ. ಅಲ್ಲಿ ಆರು ತಿಂಗಳಿಂದ ಐದು ವರ್ಷ. ಲೈಸೆನ್ಸು ನವೀಕರಣಕ್ಕೆ ಬಂದಾಗ ಕರ ಬಾಕಿ ಕೇಳುವ ಗುಮಾಸ್ತರು ಇದನ್ನೂ ಒಂದು ಮಾತು ಹೇಳಿದರೆ ನಾಲಿಗೆ ಸವೆಯುತ್ತದೆಯೇ?

ಅಂಗಡಿಕಾರರ ಕಷ್ಟವನ್ನೂ ಕೇಳಬೇಕು. 'ನಾ ಒಬ್ಬಾವ ಒಳಗ ಕೂಡಿಸಿದರ ಉಳಿದ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರಲ್ರೀ' ಎಂಬ ಮಾತು ಪೂರ್ತಿ ಸುಳ್ಳಲ್ಲ. ಕ್ಷೌರಿಕನ ಪಾಡು ಇನ್ನೂ ಕಷ್ಟ. ಅವನೂ ಬಡವ, ಊರವರ ಆಯ ನಂಬಿದವ. ಕೇರಿಯವರ ತಲೆ ಮುಟ್ಟಿದರೆ ಊರವರು ಬಿಡುತ್ತಾರೆ, ಮುಟ್ಟದಿದ್ದರೆ ಕಾನೂನು ಹಿಡಿಯುತ್ತದೆ. ಈ ತೊಡಕಿಗೆ ಸರ್ಕಾರಿ ಕ್ಷೌರದಂಗಡಿ ತೆರೆಯುವ ಮಾತು 2020ರಲ್ಲಿ ಸಮಾಜ ಕಲ್ಯಾಣ ಇಲಾಖೆಯಲ್ಲೇ ಬಂದಿತ್ತು. ಸರ್ಕಾರ ಕತ್ತರಿ ಹಿಡಿಯಬೇಕಾಗಿಲ್ಲ. ನಿಯಮ ಎಲ್ಲ ಅಂಗಡಿಗೂ ಒಂದೇ ಆದರೆ, ಎಲ್ಲರನ್ನೂ ಒಂದೇ ದಿನ ತಪಾಸಣೆ ಮಾಡಿದರೆ, ಗಿರಾಕಿ ಹೋಗುವುದಾದರೂ ಎಲ್ಲಿಗೆ? ಕಾನೂನು ಗಟ್ಟಿಯಾಗಿ ನಿಂತರೆ ಒಳ್ಳೆಯ ಅಂಗಡಿಕಾರನಿಗೇ ಬಲ.

ಇನ್ನು ಮೇಲಿನವರ ಸರದಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ನಿಯಮ. ಉಪವಿಭಾಗಕ್ಕೂ ಸಮಿತಿ ಇದೆ. ಆ ಸಭೆಗಳಲ್ಲಿ ಪ್ರಕರಣಗಳ ಸಂಖ್ಯೆಯ ಜತೆ ಯಾವ ಊರಿನ ಹೋಟೆಲು ನೋಡಿದಿರಿ, ಯಾವ ಊರಿಗೆ ಸ್ಮಶಾನಕ್ಕೆ ದಾರಿ ಕೊಟ್ಟಿರಿ ಎಂದು ಕೇಳಲಿ. ಉತ್ತರವನ್ನು ಪುರಸಭೆ, ಪಂಚಾಯ್ತಿಗಳ ನೋಟೀಸು ಬೋರ್ಡಿಗೆ ಹಚ್ಚಲಿ. ಶಾಂತಿ ಸಭೆಗೆ ಕೇರಿಯ ಹೆಣ್ಣುಮಕ್ಕಳನ್ನು, ಬಸ್‌ಸ್ಟ್ಯಾಂಡಿನ ಹಮಾಲರನ್ನು, ಚಾದಂಗಡಿ ಮಾಲಿಕರನ್ನೂ ಕರೆಯಲಿ. ದೌರ್ಜನ್ಯದ ದೂರಿಗೆಂದು 2021ರಲ್ಲಿ ಶುರುವಾದ 14566 ಎಂಬ ಸಹಾಯವಾಣಿಯನ್ನು ಪ್ರತಿ ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಲಿ. ಅದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಕೊನೆಯ ಮಾತು ಬಾಗೇವಾಡಿಯದು. ಅಣ್ಣ ಬಸವಣ್ಣ ಹುಟ್ಟಿದ ಊರು. ಕಲ್ಯಾಣದಲ್ಲಿ ಹರಳಯ್ಯ-ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಕಥೆ ಇಲ್ಲಿನ ಕೂಸಿಗೂ ಗೊತ್ತು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸಾರಿತು, ಕಚೇರಿಗಳಲ್ಲಿ ಭಾವಚಿತ್ರ ಹಾಕಲು ಹೇಳಿತು. ಸಂತೋಷ. ಆದರೆ ಅಣ್ಣನ ಫೋಟೋದ ಕೆಳಗೆ ಕೂತ ಸಾಹೇಬರು ಒಮ್ಮೆ ಜೀಪು ಬಿಟ್ಟು ಬಸ್ಸು ಹತ್ತಲಿ. ಯಾವುದಾದರೂ ಹಳ್ಳಿಯ ಅಗಸಿ ಮುಂದೆ ಇಳಿದು, ಹೊರಗಿನ ಕಟ್ಟೆ ಮೇಲೆ ಕೂತು 'ಒಂದು ಚಾ ಕೊಡಪ್ಪಾ' ಅನ್ನಲಿ. ಆಗ ಕಪ್ಪು ಬರುತ್ತದೋ, ಕಾಗದದ ಲೋಟ ಬರುತ್ತದೋ ನೋಡಲಿ. ಆ ಮೇಲೆ ಬಂದು ಸಾಮರಸ್ಯದ ಭಾಷಣ ಮಾಡಲಿ. ಜನ ಕೇಳುತ್ತಾರೆ.