ಕಡಲ ಮಗ್ಗುಲಿನ ಹಿಮದ ಬಯಲು

ಹಿಮನದಿಯೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ಗಂಗೋತ್ರಿಯು ಬರುವುದು ಸಹಜ. ಉನ್ನತ ಶಿಖರಗಳ ನಡುವೆ, ಇಕ್ಕಟ್ಟಾದ ಕಣಿವೆಯಲ್ಲಿ, ಕಣ್ಣಿಗೆ ತಿಳಿಯದಷ್ಟು ಮೆಲ್ಲನೆ ಸರಿಯುವ ಮಂಜುಗಡ್ಡೆಯ ಪ್ರವಾಹವದು. ಆದರೆ ಬೆಟ್ಟಗಳನ್ನು ಬಿಟ್ಟು ಬಯಲಿಗಿಳಿದು ಸಮುದ್ರದ ಮಗ್ಗುಲಲ್ಲಿಯೇ ಹರಡಿಕೊಂಡ ಹಿಮನದಿಯೂ ಒಂದುಂಟು. ಈ ತಿಂಗಳು ಅದರ ವಿಚಾರವನ್ನು ಹೇಳಬೇಕೆಂದಿದ್ದೇವೆ.

ಉತ್ತರ ಅಮೆರಿಕದ ಅಲಾಸ್ಕದಲ್ಲಿ, ಯಾಕುಟಾಟ್ ಕೊಲ್ಲಿಯ ಪಶ್ಚಿಮಕ್ಕೆ ಮಲಸ್ಪೀನ ಹಿಮನದಿಯಿದೆ. ೧೭೯೧ರಲ್ಲಿ ಸ್ಪೇನಿನ ಪರವಾಗಿ ಈ ಕರಾವಳಿಗೆ ಬಂದ ಇಟಲಿಯ ನಾವಿಕ ಅಲೆಸ್ಸಾಂಡ್ರೊ ಮಲಸ್ಪೀನನ ಹೆಸರನ್ನು ಇದಕ್ಕೆ ಇಟ್ಟಿರುವರು. ಆ ನಾಡಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರು ಇದನ್ನು ಕರೆಯುವ ಹೆಸರಿಗೆ ‘ದೊಡ್ಡ ಹಿಮನದಿ’ ಎಂದೇ ಅರ್ಥ.

ಇದರ ಹಿಂದೆ ಸೇಂಟ್ ಎಲಿಯಾಸ್ ಪರ್ವತಶ್ರೇಣಿಯು ೧೮,೦೦೦ ಅಡಿಗಳಿಗೂ ಮಿಗಿಲಾಗಿ ಎದ್ದು ನಿಂತಿದೆ. ಪೆಸಿಫಿಕ್ ಸಾಗರದ ಮೇಲಿಂದ ಬರುವ ತೇವದ ಗಾಳಿಯು ಅಲ್ಲಿ ಅಪಾರವಾಗಿ ಹಿಮವನ್ನು ಸುರಿಸುವುದು. ಆ ಹಿಮವು ಮುಖ್ಯವಾಗಿ ಸ್ಯೂವರ್ಡ್ ಹಿಮನದಿಯ ರೂಪದಲ್ಲಿ ಕೆಳಗಿಳಿದು, ಬಯಲನ್ನು ಸೇರಿದೊಡನೆ ಕಾವಲಿಯ ಮೇಲೆ ಹೊಯ್ದ ದೋಸೆಯ ಹಿಟ್ಟಿನಂತೆ ಸುತ್ತಲೂ ಹರಡುವುದು. ಅಗಲ ಸುಮಾರು ೪೦ ಮೈಲಿ. ವಿಸ್ತೀರ್ಣ ಸುಮಾರು ೧,೫೦೦ ಚದರ ಮೈಲಿ. ಪರ್ವತಪಾದದಲ್ಲಿ ಹೀಗೆ ಹರಡಿದ ಹಿಮನದಿಗಳಲ್ಲೆಲ್ಲ ಇದೇ ಹಿರಿದು.

ಇದರ ಅಂಚುಗಳು ಬೆಳ್ಳಗಿಲ್ಲ. ಬೆಟ್ಟದಿಂದ ಹೊತ್ತು ತಂದ ಕಲ್ಲುಮಣ್ಣು ಅಲ್ಲಿ ದಪ್ಪವಾಗಿ ಮುಚ್ಚಿಕೊಂಡು, ಅದರ ಮೇಲೆ ಕಾಡೇ ಬೆಳೆದಿದೆ. ಅಡಿಯ ಗಡ್ಡೆಯು ಕರಗಿದಾಗ ಮರಗಳು ವಾಲಿ ಕೆಳಗಿನ ಹೊಂಡಗಳಿಗೆ ಉರುಳುತ್ತವೆ. ಕಾಲ ಕೆಳಗೆ ಮಂಜುಗಡ್ಡೆಯಿದೆಯೆಂದು ಹೊಸಬನು ಅಲ್ಲಿ ಊಹಿಸಲಾರನು.

ಈಗ ಮುಖ್ಯ ಸಂಗತಿಗೆ ಬರುವೆವು. ಈ ಹಿಮದ ದಪ್ಪ ಕೆಲವೆಡೆ ೨,೦೦೦ ಅಡಿಯಷ್ಟಿದೆ. ಅದರ ತಳವಾದರೋ ಸಮುದ್ರದ ಮಟ್ಟಕ್ಕಿಂತ ಸುಮಾರು ೧,೦೦೦ ಅಡಿಯವರೆಗೆ ಕೆಳಗಿದೆ. ಕಡಲಿಗೂ ಈ ತಗ್ಗಿಗೂ ನಡುವೆ ಇರುವುದು ಮರಳು ಜಲ್ಲಿಗಳ ಕಿರಿದಾದ ಪಟ್ಟಿ. ನಮ್ಮ ಕೆರೆಯ ಏರಿಯು ನೀರನ್ನು ಒಳಗೆ ತಡೆದಿಡುವುದು. ಈ ಏರಿಯು ನೀರನ್ನು ಹೊರಗೆ ತಡೆದಿದೆ. ಹವೆಯು ಬಿಸಿಯಾಗುತ್ತ ಬಂದಂತೆ ಹಿಮವು ತೆಳುವಾಗಿ, ಪಟ್ಟಿಯ ಒಳಬದಿಯಲ್ಲಿ ನೀರಿನ ಮಡುಗಳು ಹಿಗ್ಗುತ್ತಿವೆ. ಏರಿಯೊಡೆದು ಕಡಲು ಒಳನುಗ್ಗಿದರೆ, ಉಪ್ಪುನೀರು ಹಿಮವನ್ನು ಬುಡದಿಂದಲೇ ಕರಗಿಸುವುದು; ಗಡ್ಡೆಗಳು ಕಳಚಿ ತೇಲಿಹೋಗುವುವು.

ಇದು ಬರಿಯ ಊಹೆಯಲ್ಲ. ಪಕ್ಕದ ಐಸೀ ಕೊಲ್ಲಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಿಮದಿಂದ ತುಂಬಿತ್ತು. ಆ ಹಿಮವು ಮೈಲಿಗಟ್ಟಲೆ ಹಿಂದೆ ಸರಿದು, ಇಂದು ಅಲ್ಲಿ ಕಡಲೇ ಇದೆ. ಮಲಸ್ಪೀನದ ಹಿಮ ಕರಗಿದಷ್ಟೂ ಲೋಕದ ಕಡಲುಗಳ ಮಟ್ಟ ಏರುವುದು. ಆ ಮರಳಿನ ಏರಿಯ ಯೋಗಕ್ಷೇಮವು, ದೂರದ್ದಾದರೂ, ಕಡಲ ದಂಡೆಯಲ್ಲಿ ಮನೆ ಕಟ್ಟಿಕೊಂಡ ಎಲ್ಲರಿಗೂ ಸಂಬಂಧಪಟ್ಟದ್ದು.